ಹುಣ್ಣಿಮೆ ಬಿಡಿ, ಅಷ್ಟಮಿ ಹಿಡಿಯಿರಿ: ಟೆಲಿಸ್ಕೋಪ್‌ನಲ್ಲಿ ಚಂದ್ರನ ಫೋಟೊ ತೆಗೆಯುವ ಬಗೆ

ಹೊಸದಾಗಿ ಟೆಲಿಸ್ಕೋಪ್ ಕೊಂಡವರು ಚಂದ್ರನ ಫೋಟೊಗಾಗಿ ಹುಣ್ಣಿಮೆಗೆ ಕಾಯುತ್ತಾರೆ. ದಯವಿಟ್ಟು ಕಾಯಬೇಡಿ. ಕುಳಿ, ಬೆಟ್ಟ, ಬಿರುಕು ಇವೆಲ್ಲ ಫೋಟೊದಲ್ಲಿ ಬರಬೇಕು ಅಂದರೆ ಹುಣ್ಣಿಮೆಯಷ್ಟು ನಿರಾಸೆ ಮಾಡುವ ರಾತ್ರಿ ಇನ್ನೊಂದಿಲ್ಲ. ಆ ದಿನ ಸೂರ್ಯನ ಬೆಳಕು ನಮ್ಮ ಬೆನ್ನ ಹಿಂದಿನಿಂದ ನೇರವಾಗಿ ಚಂದ್ರನ ಮೇಲೆ ಬೀಳುತ್ತದೆ. ನೆರಳು ಎಲ್ಲೂ ಕಾಣುವುದಿಲ್ಲ. ನೆರಳಿಲ್ಲದೆ ಆಳ ಗೊತ್ತಾಗುವುದಿಲ್ಲ. ಐದಾರು ಕಿಲೋಮೀಟರ್ ಎತ್ತರದ ಬೆಟ್ಟವೂ ಸುಮ್ನೆ ಬಿಳಿ ಬಣ್ಣ ಬಳಿದ ಹಾಗೆ ಚಪ್ಪಟೆಯಾಗಿ ಬರುತ್ತದೆ.

ನಮಗೆ ಬೇಕಾದದ್ದು ಚಂದ್ರನ ಮೇಲೆ ಬೆಳಕು ಮತ್ತು ಕತ್ತಲೆ ಸೇರುವ ಗಡಿ. ಆ ಗಡಿಯ ಮೇಲೆ ನಿಂತರೆ ಸೂರ್ಯ ಆಗಷ್ಟೇ ಹುಟ್ಟುತ್ತಿರುತ್ತಾನೆ. ಚಿಕ್ಕ ದಿಬ್ಬಕ್ಕೂ ಉದ್ದನೆಯ ನೆರಳು ಬೀಳುತ್ತದೆ. ಒಳ್ಳೆಯ ಚಂದ್ರನ ಫೋಟೊ ಯಾವುದನ್ನೇ ನೋಡಿ, ಅದರ ಜೀವ ಇರುವುದು ಆ ಗಡಿಯಲ್ಲಿ. ದುಬಾರಿ ಕ್ಯಾಮೆರಾ, ದೊಡ್ಡ ಟೆಲಿಸ್ಕೋಪ್ ಇವೆಲ್ಲ ಆಮೇಲಿನ ಮಾತು. ಮೊದಲು ದಿನ ಸರಿಯಾಗಿ ಆರಿಸಬೇಕು.

ಮೊದಲ ಕೆಲಸ: ಗೋಡೆಯ ಕ್ಯಾಲೆಂಡರ್ ನೋಡಿ

ದಿನ ಆರಿಸಲು ಯಾವ ಆ್ಯಪ್ ಕೂಡ ಬೇಡ. ತಿಥಿ ಬರೆದಿರುವ ಕ್ಯಾಲೆಂಡರ್ ಅಥವಾ ಪಂಚಾಂಗ ಸಾಕು. ಆಕಾಶದಲ್ಲಿ ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ ಮುಗಿಯುತ್ತದೆ. 30 ತಿಥಿಗೆ 360 ಡಿಗ್ರಿ, ಅಂದರೆ ಒಂದು ಪೂರ್ತಿ ಸುತ್ತು. ಇದಕ್ಕೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ ಬೇಕು. ಹಾಗಾಗಿ ತಿಥಿ ಹೇಳಿದರೆ ಬೆಳಕಿನ ಗಡಿ ಚಂದ್ರನ ಮೇಲೆ ಎಲ್ಲಿದೆ ಎಂದು ಹೇಳಿದ ಹಾಗೆಯೇ. ಅಷ್ಟಮಿಯ ನಟ್ಟನಡುವೆ ಚಂದ್ರ ಸೂರ್ಯನಿಂದ ಸರಿಯಾಗಿ 90 ಡಿಗ್ರಿ ದೂರ ಇರುತ್ತಾನೆ. ಆಗ ಕಾಣುವುದು ಅರ್ಧ ಚಂದ್ರ.

ಒಂದು ವಿಷಯ ಗಮನಿಸಿ. ಕ್ಯಾಲೆಂಡರ್‌ನ ಚೌಕದಲ್ಲಿ ಬರೆದಿರುವುದು ಸೂರ್ಯೋದಯಕ್ಕೆ ಇರುವ ತಿಥಿ. ಅದು ಮಧ್ಯಾಹ್ನವೇ ಮುಗಿದು ಸಂಜೆಗೆ ಮುಂದಿನ ತಿಥಿ ಬಂದಿರಬಹುದು. ತಿಥಿ ಮುಗಿಯುವ ಹೊತ್ತು ಪಕ್ಕದಲ್ಲೇ ಇರುತ್ತದೆ, ಅದನ್ನು ನೋಡಿಕೊಳ್ಳಿ. ನಿಮಗೆ ಬೇಕಾದದ್ದು ರಾತ್ರಿ ಏಳೆಂಟು ಗಂಟೆಗೆ ಇರುವ ತಿಥಿ.

ಈಗ ಶುಕ್ಲ ಪಕ್ಷದಲ್ಲಿ ಯಾವಾಗ ಏನು ಸಿಗುತ್ತದೆ ನೋಡೋಣ.

ಬಿದಿಗೆ, ತದಿಗೆಯ ತೆಳು ಚಂದ್ರ ಕಾರವಾರದ ಕಡಲ ಮೇಲೆ ಇಳಿಯುವುದನ್ನು ನೀವು ನೋಡಿಯೇ ಇರುತ್ತೀರಿ. ಆ ದಿನಗಳಲ್ಲಿ ಕತ್ತಲಾಗಿರುವ ಭಾಗವೂ ಮಸುಕಾಗಿ ಕಾಣುತ್ತದೆ. ಅದು ಭೂಮಿಯಿಂದ ಹಿಂದಿರುಗಿ ಹೋದ ಬೆಳಕು. ಅದನ್ನು ಹಿಡಿಯಲು ಒಂದೆರಡು ಸೆಕೆಂಡಿನ ಎಕ್ಸ್‌ಪೋಶರ್ (ಕ್ಯಾಮೆರಾ ಬೆಳಕು ಹೀರುವ ಹೊತ್ತು) ಬೇಕು. ಹಾಗಾಗಿ ಅದನ್ನು ಸ್ವಲ್ಪ ಕೈ ಪಳಗಿದ ಮೇಲೆ ಇಟ್ಟುಕೊಳ್ಳಿ. ತದಿಗೆ, ಚೌತಿಗೆ ಸೂರ್ಯ ಮುಳುಗಿದ ಕಡೆಗಿನ ಅಂಚಿನ ಹತ್ತಿರ ಕಪ್ಪಗೆ ದುಂಡಗೆ ಕಾಣುವುದು ಮಾರೆ ಕ್ರೈಸಿಯಂ ಎಂಬ ಬಯಲು. ಅದರ ದಕ್ಷಿಣಕ್ಕೆ ಲ್ಯಾಂಗ್ರೆನಸ್, ಪೆಟಾವಿಯಸ್ ಕುಳಿಗಳು. ತದಿಗೆಯ ಚಂದ್ರ ಸೂರ್ಯಾಸ್ತವಾಗಿ ಎರಡು ಗಂಟೆಯ ಆಸುಪಾಸಿನಲ್ಲಿ ಮುಳುಗುತ್ತಾನೆ. ಟೆಲಿಸ್ಕೋಪ್ ಮೊದಲೇ ಹೂಡಿ ಇಟ್ಟಿರಬೇಕು. ಭಾದ್ರಪದದ ಚೌತಿಗೆ ಚಂದ್ರನನ್ನು ನೋಡಬಾರದು ಅನ್ನುವ ಮನೆಗಳು ನಮ್ಮಲ್ಲಿ ಬಹಳ. ಆ ಹೊತ್ತಿಗೆ ನಮ್ಮ ಆಕಾಶದಲ್ಲಿ ಮೋಡವೇ ಜಾಸ್ತಿ. ಉಳಿದ ಹನ್ನೊಂದು ತಿಂಗಳ ಚೌತಿಗೆ ಯಾವ ತಡೆಯೂ ಇಲ್ಲ.

ಷಷ್ಠಿಗೆ ಥಿಯೋಫಿಲಸ್, ಸಿರಿಲಸ್, ಕ್ಯಾಥರಿನಾ ಎಂಬ ಮೂರು ಕುಳಿಗಳು ಒಂದಕ್ಕೊಂದು ತಾಗಿ ಸಾಲಾಗಿ ಬೆಳಗುತ್ತವೆ. ಥಿಯೋಫಿಲಸ್ ಸುಮಾರು 100 ಕಿಲೋಮೀಟರ್ ಅಗಲ. ಅದರ ನಡುವೆ ಬೆಟ್ಟವಿದೆ. ಚಿಕ್ಕ ಟೆಲಿಸ್ಕೋಪ್‌ಗೂ ಇದು ಸಿಗುತ್ತದೆ. 1969ರ ಜುಲೈ 20ರಂದು ಅಪೊಲೊ 11 ಇಳಿದ ಮಾರೆ ಟ್ರಾಂಕ್ವಿಲಿಟಾಟಿಸ್ ಬಯಲು ಇದರ ಉತ್ತರಕ್ಕೇ ಇದೆ.

ಸಪ್ತಮಿಯ ಬಗ್ಗೆ ಒಂದು ಮಾತು ಹೇಳಲೇಬೇಕು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿದ ಸಂಜೆ ಶ್ರಾವಣ ಶುಕ್ಲ ಸಪ್ತಮಿ. ಇಳಿಯುವ ಜಾಗದಲ್ಲಿ ಬೆಳಗಾದ ಮೇಲೆಯೇ ಇಳಿಯಬೇಕಿತ್ತು. ಏಕೆಂದರೆ ಅದರ ಕೆಲಸವೆಲ್ಲ ಸೌರ ವಿದ್ಯುತ್ತಿನಲ್ಲಿ. ಚಂದ್ರನ ಒಂದು ಹಗಲು ನಮ್ಮ ಸುಮಾರು 14 ದಿನ. ಆ ಜಾಗ 69 ಡಿಗ್ರಿ ದಕ್ಷಿಣದಲ್ಲಿದೆ, ಮ್ಯಾಂಜಿನಸ್ ಎಂಬ ದೊಡ್ಡ ಕುಳಿಯ ಪೂರ್ವಕ್ಕೆ. ಷಷ್ಠಿ, ಸಪ್ತಮಿಯ ಸಂಜೆ ಚಂದ್ರನ ದಕ್ಷಿಣದ ತುದಿಯ ಹತ್ತಿರ ಟೆಲಿಸ್ಕೋಪ್ ತಿರುಗಿಸಿ, ನಕ್ಷೆ ಪಕ್ಕದಲ್ಲಿಟ್ಟುಕೊಂಡು ಮ್ಯಾಂಜಿನಸ್ ಹುಡುಕಿ. ಲ್ಯಾಂಡರ್ ಕಾಣುವುದಿಲ್ಲ. ಚಂದ್ರನ ಮೇಲೆ ಒಂದು ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ) ಅಂದರೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್. 150 ಮಿಲಿಮೀಟರ್ ಟೆಲಿಸ್ಕೋಪ್ ತುಂಬ ಒಳ್ಳೆಯ ರಾತ್ರಿಯಲ್ಲಿ ಒಂದೂವರೆ ಕಿಲೋಮೀಟರ್‌ವರೆಗಿನದನ್ನು ಬಿಡಿಸಿ ತೋರಿಸಬಹುದು, ಅಷ್ಟೇ. ಆದರೂ ನಮ್ಮ ನೌಕೆ ಇಳಿದ ನೆಲದ ಫೋಟೊವನ್ನು ನಮ್ಮ ಅಂಗಳದಿಂದಲೇ ತೆಗೆಯುವುದು ದೊಡ್ಡ ಖುಷಿ. ಮಕ್ಕಳಿದ್ದರೆ ಇದನ್ನೇ ಮೊದಲು ತೋರಿಸಿ.

ಅಷ್ಟಮಿ, ನವಮಿ, ದಶಮಿ. ಹೊಸಬರು ತಿಂಗಳಲ್ಲಿ ಮೂರೇ ದಿನ ಬಿಡುವು ಮಾಡಿಕೊಳ್ಳಬಹುದು ಅಂದರೆ ಈ ಮೂರನ್ನು ಇಟ್ಟುಕೊಳ್ಳಿ. ಅಷ್ಟಮಿಗೆ ಚಂದ್ರನ ನಡುವೆ ಟಾಲೆಮಿಯಸ್, ಅಲ್ಫಾನ್ಸಸ್, ಅರ್ಜಾಕೆಲ್ ಕುಳಿಗಳ ಸಾಲು ಮತ್ತು ಅಪೆನೈನ್ ಬೆಟ್ಟಗಳು ಬೆಳಕಿಗೆ ಬರುತ್ತವೆ. ಆ ಬೆಟ್ಟಸಾಲಿನ ಉದ್ದ ಸುಮಾರು 600 ಕಿಲೋಮೀಟರ್. ನವಮಿಗೆ ಟೈಕೊ, ಅದರ ದಕ್ಷಿಣಕ್ಕೆ ದೈತ್ಯ ಕ್ಲೇವಿಯಸ್, ಉತ್ತರದಲ್ಲಿ ಕಪ್ಪು ತಳದ ಪ್ಲೇಟೊ. ರೂಪೆಸ್ ರೆಕ್ಟಾ ಎಂಬ 110 ಕಿಲೋಮೀಟರ್ ಉದ್ದದ ನೆಟ್ಟನೆಯ ದಂಡೆಯೂ ಆಗಲೇ ಗೆರೆಯಾಗಿ ಕಾಣುತ್ತದೆ. ದಶಮಿಗೆ ಕೋಪರ್ನಿಕಸ್. ಅದರ ಅಗಲ 93 ಕಿಲೋಮೀಟರ್. ಕಾರವಾರದಿಂದ ಹೊನ್ನಾವರದವರೆಗೆ ಹೆದ್ದಾರಿಯಲ್ಲಿ ಹೋದರೆ ಎಷ್ಟಾಗುತ್ತದೋ ಹೆಚ್ಚುಕಡಿಮೆ ಅಷ್ಟು. ಅದರ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಒಳಗೆ ಇಳಿಯುತ್ತದೆ. ಸರಿಯಾದ ದಿನ ತೆಗೆದರೆ ಆ ಮೆಟ್ಟಿಲುಗಳೂ ಫೋಟೊದಲ್ಲಿ ಬರುತ್ತವೆ. ಏಕಾದಶಿಗೆ ಸೈನಸ್ ಇರಿಡಂ ಎಂಬ ಅರ್ಧವೃತ್ತದ ಕೊಲ್ಲಿ. ಅದರ ಅಂಚಿನ ಬೆಟ್ಟಗಳಿಗೆ ಬಿಸಿಲು ತಾಗಿ, ಕೆಳಗಿನ ಬಯಲು ಇನ್ನೂ ಕತ್ತಲಲ್ಲಿರುವಾಗ ಕತ್ತಲೆಯೊಳಗೆ ಬೆಳಕಿನ ಬಳೆಯ ತುಂಡು ಮೂಡುತ್ತದೆ. ಅದು ಕೆಲವೇ ಗಂಟೆ ಇರುತ್ತದೆ.

ಹುಣ್ಣಿಮೆಗೂ ಒಂದು ಉಪಯೋಗ ಇದೆ. ಟೈಕೊದಿಂದ ಸುತ್ತಲೂ ಚಿಮ್ಮಿದ ಬಿಳಿ ಗೆರೆಗಳು ಅಂದೇ ಚೆನ್ನಾಗಿ ಕಾಣುತ್ತವೆ. ಫೋಟೊದ ಬಣ್ಣವನ್ನು ಮೆಲ್ಲಗೆ ಏರಿಸಿದರೆ ಟೈಟಾನಿಯಂ ಜಾಸ್ತಿ ಇರುವ ಬಯಲು ನೀಲಿಯಾಗಿಯೂ ಉಳಿದ ಕೆಲವು ಬಯಲು ಕೆಂಚಾಗಿಯೂ ಬರುತ್ತವೆ. ಆ ಬಣ್ಣ ನಿಜವಾಗಿಯೂ ಅಲ್ಲಿ ಇರುವಂಥದ್ದೇ. ನಮ್ಮ ಕಣ್ಣಿಗೆ ಗೊತ್ತಾಗುವಷ್ಟು ಗಾಢವಾಗಿಲ್ಲ, ಅಷ್ಟೇ.

ಕೃಷ್ಣ ಪಕ್ಷದಲ್ಲಿ ಇದೇ ಕುಳಿಗಳಿಗೆ ಸಂಜೆಯಾಗುತ್ತದೆ. ನೆರಳು ಎದುರು ದಿಕ್ಕಿಗೆ ಬೀಳುತ್ತದೆ. ಮನೆಯಲ್ಲಿ ಆಯಿ ಸಂಕಷ್ಟಿ ಉಪವಾಸ ಮಾಡುವವರಾದರೆ ಚಂದ್ರೋದಯ ಎಷ್ಟು ಹೊತ್ತಿಗೆ ಎಂದು ಅವರನ್ನೇ ಕೇಳಿ. ಹುಣ್ಣಿಮೆಯ ನಂತರ ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಕರಾವಳಿಯವರಿಗೆ ಪೂರ್ವಕ್ಕೆ ಘಟ್ಟ ಅಡ್ಡ ಇರುವುದರಿಂದ ಇನ್ನೂ ತಡ.

ಜಾಗ: ಕತ್ತಲೆ ಬೇಡ, ನಿಂತ ಗಾಳಿ ಬೇಕು

ಚಂದ್ರನ ಫೋಟೊಗೆ ಊರ ಬೆಳಕು ಅಡ್ಡಿಯಲ್ಲ. ಚಂದ್ರ ಅಷ್ಟು ಪ್ರಕಾಶ. ಕಾರವಾರದ ಪೇಟೆ ಮಧ್ಯದ ಮನೆಯಿಂದಲೂ ತೆಗೆಯಬಹುದು. ಬೀದಿದೀಪ ನೇರವಾಗಿ ಟೆಲಿಸ್ಕೋಪ್‌ನ ಬಾಯಿಗೆ ಹೊಡೆಯದಿದ್ದರೆ ಆಯಿತು. ಇದಕ್ಕಾಗಿ ರಾತ್ರಿ ಯಾಣದ ಕಾಡಿಗೆ ಹೋಗುವ ಅಗತ್ಯ ಇಲ್ಲ.

ಅಡ್ಡಿ ಮಾಡುವುದು ಅಲುಗಾಡುವ ಗಾಳಿ. ಬಿಸಿ ಗಾಳಿ ಮೇಲೇಳುತ್ತಿದ್ದರೆ ಚಂದ್ರನ ಅಂಚು ನೀರಿನೊಳಗೆ ಇಟ್ಟ ಹಾಗೆ ನಡುಗುತ್ತದೆ. ಎಷ್ಟು ದೊಡ್ಡ ಟೆಲಿಸ್ಕೋಪ್ ಇದ್ದರೂ ಅದನ್ನು ಸರಿ ಮಾಡಲಾಗದು. ಹಾಗಾಗಿ ಇವನ್ನು ನೋಡಿಕೊಳ್ಳಿ. ಕಾಂಕ್ರೀಟ್ ತಾರಸಿ ಹಗಲಿನ ಬಿಸಿಯನ್ನು ರಾತ್ರಿ ಬಹಳ ಹೊತ್ತಿನವರೆಗೆ ಬಿಡುತ್ತಲೇ ಇರುತ್ತದೆ. ಮಣ್ಣಿನ ಅಂಗಳ, ಹುಲ್ಲು ನೆಲ ಅದಕ್ಕಿಂತ ಮೇಲು. ತಾರಸಿಯೇ ಗತಿಯಾದರೆ ಸಂಜೆ ಒಂದೆರಡು ಕೊಡ ನೀರು ಹೊಡೆಯಿರಿ. ಪಕ್ಕದ ಮನೆಯ ಹಂಚಿನ ಅಥವಾ ಶೀಟಿನ ಮಾಡಿನ ಮೇಲಿಂದ ಚಂದ್ರನನ್ನು ನೋಡುವ ಹಾಗೆ ನಿಲ್ಲಿಸಬೇಡಿ. ಶಿರಸಿ, ಸಿದ್ದಾಪುರ ಕಡೆಯವರಿಗೆ ಒಂದು ವಿಶೇಷ ಸೂಚನೆ: ಆಕಾಶ ಅತಿ ಚೆಂದ ಇರುವ ತಿಂಗಳಲ್ಲೇ ಅಡಿಕೆ ಕೊಯ್ಲು. ಅಂಗಳದ ತುಂಬ ಅಡಿಕೆ, ಮೂಲೆಯಲ್ಲಿ ಬೇಯಿಸುವ ಒಲೆ. ಆ ಒಲೆಯ ಬಿಸಿ ಮತ್ತು ಹೊಗೆ ಬರುವ ದಿಕ್ಕಿನಲ್ಲಿ ಟೆಲಿಸ್ಕೋಪ್ ಇಟ್ಟರೆ ಏನೂ ಸಿಗುವುದಿಲ್ಲ. ಗಾಳಿ ಬರುವ ಕಡೆಗೆ, ಒಲೆಯಿಂದ ದೂರಕ್ಕೆ ಹೋಗಿ.

ಕರಾವಳಿಯಲ್ಲಿ ಮಧ್ಯಾಹ್ನದಿಂದ ಬೀಸುವ ಕಡಲ ಗಾಳಿ ಸೂರ್ಯಾಸ್ತದ ನಂತರ ಇಳಿಯುತ್ತದೆ. ರಾತ್ರಿ ಮುಂದೆ ಹೋದ ಹಾಗೆ ನೆಲದ ಕಡೆಯಿಂದ ಗಾಳಿ ಶುರುವಾಗುತ್ತದೆ. ಇವೆರಡರ ನಡುವೆ ಒಂದಿಷ್ಟು ಹೊತ್ತು ಗಾಳಿ ನಿಂತಿರುತ್ತದೆ. ಆ ಹೊತ್ತನ್ನು ಕಳೆದುಕೊಳ್ಳಬೇಡಿ.

ಮರಳ ಮೇಲೆ ಟ್ರೈಪಾಡ್ ಇಡುವವರು ಪ್ರತಿ ಕಾಲಿನ ಕೆಳಗೆ ಚಪ್ಪಟೆ ಕಲ್ಲು ಅಥವಾ ಹಲಗೆ ತುಂಡು ಕೊಡಿ. ಇಲ್ಲದಿದ್ದರೆ ನೀವು ನೋಡುತ್ತಿರುವಾಗಲೇ ಕಾಲು ಹೂಳುತ್ತಾ ಹೋಗುತ್ತದೆ. ನೀರಿನ ಅಂಚಿನಿಂದ ಸಾಕಷ್ಟು ಹಿಂದೆ ಇರಿ. ಉಪ್ಪಿನ ಹನಿ ಕನ್ನಡಿಗೆ ಬಹಳ ಕೆಟ್ಟದ್ದು.

ಇನ್ನೊಂದು ಮುಖ್ಯ ಮಾತು. ಕಾರವಾರದ ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆ ಇದೆ. ಅದರ ಆಸುಪಾಸಿನಲ್ಲಿ ಉದ್ದನೆಯ ಟ್ಯೂಬ್ ಮತ್ತು ಕ್ಯಾಮೆರಾ ಹೂಡಿಕೊಂಡು ನಿಲ್ಲಬೇಡಿ. ನಿಮ್ಮ ಉದ್ದೇಶ ಚಂದ್ರನೇ ಇರಬಹುದು, ದೂರದಿಂದ ನೋಡಿದವರಿಗೆ ಅದು ಗೊತ್ತಾಗುವುದಿಲ್ಲ. ಬೇರೆ ಕಡಲತೀರದಲ್ಲೂ ಪೊಲೀಸರು ಕೇಳಿದರೆ ಚಂದ್ರನನ್ನು ಅವರಿಗೇ ತೋರಿಸಿ. ಒಮ್ಮೆ ನೋಡಿದವರು ಮತ್ತೆ ಮತ್ತೆ ನೋಡುತ್ತಾರೆ.

ಕಾಲದ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ನವೆಂಬರ್‌ನಿಂದ ಫೆಬ್ರವರಿ ನಮ್ಮ ಸುಗ್ಗಿ. ಮಾರ್ಚ್ ನಂತರ ಕರಾವಳಿಯಲ್ಲಿ ಆರ್ದ್ರತೆ ಏರಿ ಆಕಾಶ ಮಬ್ಬಾಗುತ್ತದೆ, ಆದರೂ ಚಂದ್ರನಿಗೆ ಸಾಕು.

ಎತ್ತರ

ಚಂದ್ರ ಕೆಳಗಿದ್ದಷ್ಟೂ ಫೋಟೊ ಕೆಡುತ್ತದೆ. ದಿಗಂತದಿಂದ 30 ಡಿಗ್ರಿ ಮೇಲಿದ್ದಾಗ ಬೆಳಕು ನೆತ್ತಿಗಿಂತ ಎರಡು ಪಟ್ಟು ಗಾಳಿ ದಾಟಿ ಬರಬೇಕು. 15 ಡಿಗ್ರಿಯಲ್ಲಿ ಹತ್ತಿರ ಹತ್ತಿರ ನಾಲ್ಕು ಪಟ್ಟು. ಕಡಲಲ್ಲಿ ಮುಳುಗುವ ಕೆಂಪು ಚಂದ್ರನ ಫೋಟೊ ಚೆಂದವೇ, ಅದರಲ್ಲಿ ಕುಳಿಗಳನ್ನು ಹುಡುಕಬೇಡಿ.

ನಮ್ಮ ಉತ್ತರ ಕನ್ನಡ ಜಿಲ್ಲೆ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವುದರಿಂದ ನಮಗೆ ಇನ್ನೊಂದು ಬಗೆಯ ತೊಂದರೆ ಇದೆ. ಅಷ್ಟಮಿಯ ಚಂದ್ರ ಸೂರ್ಯಾಸ್ತದ ಹೊತ್ತಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಟ್ರೈಪಾಡ್ ಮೇಲಿನ ಉದ್ದ ಟ್ಯೂಬ್ ಅಷ್ಟು ನೆಟ್ಟಗೆ ನಿಲ್ಲಿಸಿದರೆ ಅದರ ಹಿಂಬದಿ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಡಾಬ್ಸೋನಿಯನ್ (ನೆಲದ ಮೇಲಿನ ತಿರುಗುವ ಬುಡದಲ್ಲಿ ಕೂರುವ ಕನ್ನಡಿ ಟೆಲಿಸ್ಕೋಪ್) ಆದರೆ ನೆತ್ತಿಯ ಹತ್ತಿರ ಸ್ವಲ್ಪ ಸರಿಸಲು ಇಡೀ ಬುಡವನ್ನೇ ತಿರುಗಿಸಬೇಕಾಗುತ್ತದೆ. ಹಾಗಾಗಿ ಅವಸರ ಬೇಡ. ಟೆಲಿಸ್ಕೋಪ್ ಹೊರಗಿಟ್ಟು ಊಟ ಮುಗಿಸಿ. ಎಂಟು ಗಂಟೆಯ ಹೊತ್ತಿಗೆ ಚಂದ್ರ ಪಶ್ಚಿಮಕ್ಕೆ ಸಾಕಷ್ಟು ವಾಲಿರುತ್ತಾನೆ. ಅಷ್ಟರಲ್ಲಿ ಟೆಲಿಸ್ಕೋಪ್ ಕೂಡ ಹೊರಗಿನ ತಂಪಿಗೆ ಹೊಂದಿಕೊಂಡಿರುತ್ತದೆ. ಮನೆಯೊಳಗಿನ ಬಿಸಿ ಟ್ಯೂಬಿನಲ್ಲಿ ಉಳಿದಿದ್ದರೆ ಚಿತ್ರ ಕಲಕುತ್ತದೆ. ಅರ್ಧ ಗಂಟೆಯಾದರೂ ಹೊರಗಿರಲಿ.

ಯಾವ ಟೆಲಿಸ್ಕೋಪ್?

ಇರುವುದೇ ಸಾಕು. 70 ಮಿಲಿಮೀಟರ್ ಲೆನ್ಸಿನದ್ದಾದರೂ ಮೇಲೆ ಹೇಳಿದ ದೊಡ್ಡ ಕುಳಿಗಳೆಲ್ಲ ಬರುತ್ತವೆ. ಇನ್ನೂ ಕೊಂಡಿಲ್ಲ ಅನ್ನುವವರಿಗೆ ನನ್ನ ಒಲವು 150 ಮಿಲಿಮೀಟರ್ ಡಾಬ್ಸೋನಿಯನ್ ಕಡೆಗೆ. ಅದು ಅಲುಗುವುದಿಲ್ಲ, ಕೊಟ್ಟ ದುಡ್ಡಿಗೆ ದೊಡ್ಡ ಕನ್ನಡಿ ಸಿಗುತ್ತದೆ. ಡಬ್ಬದ ಮೇಲೆ 500 ಪಟ್ಟು ಎಂದು ದೊಡ್ಡದಾಗಿ ಬರೆದ ಪುಟ್ಟ ಟೆಲಿಸ್ಕೋಪ್ ಕೊಳ್ಳಬೇಡಿ. ಕನ್ನಡಿ ಅಥವಾ ಲೆನ್ಸಿನ ಅಗಲ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟು, ಅದೇ ಹಿಗ್ಗಿಸುವಿಕೆಯ ಮಿತಿ. 70 ಮಿಲಿಮೀಟರ್‌ಗೆ 140. ಅದಕ್ಕಿಂತ ಮೇಲೆ ದೊಡ್ಡದಾಗುತ್ತದೆಯೇ ಹೊರತು ಹೊಸತೇನೂ ಕಾಣುವುದಿಲ್ಲ.

ಹಿಗ್ಗಿಸುವಿಕೆ ಲೆಕ್ಕ ಹಾಕುವುದು ಸುಲಭ. ಟೆಲಿಸ್ಕೋಪ್‌ನ ಫೋಕಲ್ ಲೆಂಗ್ತ್, ಅಂದರೆ ಲೆನ್ಸ್ ಅಥವಾ ಕನ್ನಡಿಯಿಂದ ಚಿತ್ರ ಮೂಡುವ ಜಾಗದವರೆಗಿನ ದೂರವನ್ನು, ಐಪೀಸ್ (ಕಣ್ಣಿಟ್ಟು ನೋಡುವ ಚಿಕ್ಕ ಲೆನ್ಸ್) ಮೇಲೆ ಬರೆದ ಮಿಲಿಮೀಟರ್ ಸಂಖ್ಯೆಯಿಂದ ಭಾಗಿಸಿ. 1200 ಮಿಲಿಮೀಟರ್‌ನದಕ್ಕೆ 25ರ ಐಪೀಸ್ ಹಾಕಿದರೆ 48 ಪಟ್ಟು. ಇದರಲ್ಲಿ ಇಡೀ ಚಂದ್ರ ಕಾಣುತ್ತದೆ. 10ರದ್ದು ಹಾಕಿದರೆ 120 ಪಟ್ಟು. ಯಾವಾಗಲೂ 25ರಿಂದ ಶುರು ಮಾಡಿ.

ಟೆಲಿಸ್ಕೋಪ್‌ನಲ್ಲಿ ಚಿತ್ರ ತಲೆಕೆಳಗಾಗಿ ಅಥವಾ ಕನ್ನಡಿಯಲ್ಲಿ ಕಂಡ ಹಾಗೆ ಬಲ ಎಡವಾಗಿ ಕಾಣಬಹುದು. ಅದು ದೋಷ ಅಲ್ಲ. ನಕ್ಷೆಗೆ ಹೋಲಿಸುವಾಗ ನೆನಪಿರಲಿ.

ಮೊಬೈಲ್‌ನಲ್ಲಿ ತೆಗೆಯುವುದು

ಮೊದಲು ಮೊಬೈಲ್ ಇಲ್ಲದೆ, ಬರಿಗಣ್ಣಿನಿಂದ ಐಪೀಸ್‌ನಲ್ಲಿ ನೋಡಿ ಫೋಕಸ್ ಮಾಡಿ. ದೂರದ್ದು ನೋಡಲು ಕನ್ನಡಕ ಹಾಕುವವರು ಹಾಕಿಕೊಂಡೇ ಮಾಡಿ. ಬೆಳಕಿನ ಗಡಿಯ ಮೇಲಿನ ಒಂದು ಚಿಕ್ಕ ಕುಳಿ ಹಿಡಿದು, ಅದರ ಅಂಚು ಕತ್ತರಿಸಿದ ಹಾಗೆ ಚೂಪಾಗುವವರೆಗೆ ಫೋಕಸ್ ಮಾಡುವ ತಿರುಗುಗುಬ್ಬಿ ತಿರುಗಿಸಿ.

ಆಮೇಲೆ ಮೊಬೈಲ್ ಹಿಡಿಸುವ ಅಡಾಪ್ಟರ್. ಐಪೀಸ್‌ಗೆ ಕಚ್ಚಿಕೊಳ್ಳುವ ಈ ಕ್ಲ್ಯಾಂಪ್ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕೈಯಲ್ಲೇ ಮೊಬೈಲ್ ಹಿಡಿದು ತೆಗೆಯಬಹುದು, ಆದರೆ ಹತ್ತರಲ್ಲಿ ಒಂದು ಸರಿ ಬಂದರೆ ಹೆಚ್ಚು. ಕ್ಲ್ಯಾಂಪ್ ಇದ್ದರೆ ಆ ಒದ್ದಾಟವೇ ಇಲ್ಲ. ಒಂದಕ್ಕಿಂತ ಹೆಚ್ಚು ಕ್ಯಾಮೆರಾ ಇರುವ ಮೊಬೈಲ್ ಆದರೆ ಮುಖ್ಯ ಕ್ಯಾಮೆರಾ, ಅಂದರೆ ಒಂದು ಪಟ್ಟಿನದ್ದು, ಐಪೀಸ್‌ನ ನಡುವೆ ಬರಬೇಕು. ಯಾವುದು ಮುಖ್ಯ ಎಂದು ಗೊತ್ತಾಗಲು ಒಂದೊಂದನ್ನೇ ಬೆರಳಿನಿಂದ ಮುಚ್ಚಿ ಪರದೆ ನೋಡಿ. ಹಗಲಿನಲ್ಲೇ ದೂರದ ತೆಂಗಿನ ಮರದ ತುದಿಗೆ ಹಿಡಿದು ಈ ಜೋಡಣೆ ಅಭ್ಯಾಸ ಮಾಡಿಕೊಂಡರೆ ರಾತ್ರಿ ಪರದಾಡಬೇಕಾಗಿಲ್ಲ. ಆದರೆ ಹಗಲಿನಲ್ಲಿ ಟೆಲಿಸ್ಕೋಪ್ ಯಾವತ್ತೂ ಸೂರ್ಯನ ಕಡೆ ತಿರುಗಬಾರದು. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ. ಮಕ್ಕಳಿರುವಲ್ಲಿ ಅದನ್ನು ಬಿಟ್ಟು ಒಳಗೆ ಹೋಗಬೇಡಿ.

ಈಗ ಮೊಬೈಲ್‌ನ ಸೆಟ್ಟಿಂಗ್. ಫ್ಲ್ಯಾಶ್ ಆಫ್. ಡಿಜಿಟಲ್ ಜೂಮ್ ಮುಟ್ಟಬೇಡಿ, ದೊಡ್ಡದು ಬೇಕಾದರೆ ಐಪೀಸ್ ಬದಲಿಸಿ. ಕೆಲವು ಮೊಬೈಲ್‌ಗಳು ಚಂದ್ರನನ್ನು ಗುರುತಿಸಿ ವಿವರಗಳನ್ನು ತಾವೇ ತುಂಬುತ್ತವೆ. ದೃಶ್ಯ ಸುಧಾರಿಸುವ ಆ ಆಯ್ಕೆಯನ್ನು ಹುಡುಕಿ ಆಫ್ ಮಾಡಿ. ನಿಮ್ಮ ಟೆಲಿಸ್ಕೋಪ್ ಕಂಡದ್ದು ಮಾತ್ರ ಫೋಟೊದಲ್ಲಿ ಇರಬೇಕು ಅಲ್ವಾ? ಪ್ರೊ ಮೋಡ್ ಇದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎನ್ನುವ ಸಂಖ್ಯೆ) 50 ಅಥವಾ 100, ಶಟರ್ 1/125 ಸೆಕೆಂಡ್ ಇಟ್ಟು ಶುರು ಮಾಡಿ. ಫೋಕಸ್ ಕೈಯಿಂದ ಅನಂತಕ್ಕೆ ಇಡಿ. ಪ್ರೊ ಮೋಡ್ ಇಲ್ಲದಿದ್ದರೆ ಪರದೆಯ ಮೇಲೆ ಚಂದ್ರನನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಚಂದ್ರ ಕಣ್ಣಿಗೆ ಸ್ವಲ್ಪ ಮಂಕು ಅನಿಸುವಷ್ಟು ಇಳಿಸಿ. ಮಂಕಾದದ್ದನ್ನು ಆಮೇಲೆ ಏರಿಸಬಹುದು. ಬೆಳ್ಳಗೆ ಸುಟ್ಟುಹೋದ ಜಾಗದಿಂದ ಏನನ್ನೂ ತೆಗೆಯಲಾಗುವುದಿಲ್ಲ.

ಬಟನ್ ಒತ್ತುವಾಗ ಟೆಲಿಸ್ಕೋಪ್ ನಡುಗುತ್ತದೆ. ಹಾಗಾಗಿ ಮೂರು ಸೆಕೆಂಡ್ ಟೈಮರ್ ಇಡಿ. ಇಲ್ಲವೇ ವೈರ್ ಇರುವ ಇಯರ್‌ಫೋನಿನ ವಾಲ್ಯೂಮ್ ಬಟನ್‌ನಿಂದ ತೆಗೆಯಿರಿ. ಟ್ರೈಪಾಡ್ ಹಗುರವಾಗಿದ್ದರೆ ನಡುವೆ ಮರಳು ತುಂಬಿದ ಚೀಲ ತೂಗುಹಾಕಿ.

ಚಂದ್ರ ನಿಲ್ಲುವುದಿಲ್ಲ. ಭೂಮಿ ತಿರುಗುವುದರಿಂದ ತನ್ನ ಅಗಲದಷ್ಟು ದಾರಿಯನ್ನು ಸುಮಾರು ಎರಡೇ ನಿಮಿಷದಲ್ಲಿ ಸರಿಯುತ್ತಾನೆ. ಮೋಟಾರ್ ಇಲ್ಲದವರು ಚಂದ್ರ ಹೋಗುವ ದಿಕ್ಕಿಗೆ ಟೆಲಿಸ್ಕೋಪ್ ಸ್ವಲ್ಪ ಮುಂದಾಗಿ ಇಡಿ. ಕೈ ತೆಗೆದು, ನಡುಕ ನಿಂತ ಮೇಲೆ ಚಂದ್ರ ತಾನಾಗಿ ನಡುವಿಗೆ ಬರಲಿ. ಆಗ ಒಂದಾದ ಮೇಲೊಂದು ತೆಗೆಯುತ್ತಾ ಹೋಗಿ.

ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಇದ್ದರೆ

ಲೆನ್ಸ್ ಬಿಚ್ಚಿ, ಟಿ-ರಿಂಗ್ (ಕ್ಯಾಮೆರಾಕ್ಕೆ ಕೂರುವ ಜೋಡಣೆಯ ಬಳೆ) ಮತ್ತು ಫೋಕಸರ್‌ನೊಳಗೆ ಹೋಗುವ ಕೊಳವೆಯ ಮೂತಿ ಹಾಕಿ ಕ್ಯಾಮೆರಾವನ್ನು ಐಪೀಸ್ ಜಾಗದಲ್ಲಿ ಕೂರಿಸಬೇಕು. ಆಗ ಟೆಲಿಸ್ಕೋಪೇ ಲೆನ್ಸ್. ಸೆನ್ಸರ್ ಮೇಲೆ ಚಂದ್ರ ಎಷ್ಟು ದೊಡ್ಡದಾಗುತ್ತದೆ ಎಂದು ತಿಳಿಯಲು ಫೋಕಲ್ ಲೆಂಗ್ತನ್ನು 110ರಿಂದ ಭಾಗಿಸಿ. 1200ಕ್ಕೆ 11 ಮಿಲಿಮೀಟರ್. ಬಹಳ ಕ್ಯಾಮೆರಾಗಳಲ್ಲಿ ಇರುವ ಎಪಿಎಸ್-ಸಿ ಅಳತೆಯ ಸೆನ್ಸರ್ ಎತ್ತರ 15 ಮಿಲಿಮೀಟರ್ ಆಸುಪಾಸು ಇರುವುದರಿಂದ ಇಡೀ ಚಂದ್ರ ಸರಿಯಾಗಿ ಕೂರುತ್ತದೆ.

ಎಕ್ಸ್‌ಪೋಶರ್‌ಗೆ ಹಳೆಯ ಲೆಕ್ಕ ಒಂದಿದೆ. ಹುಣ್ಣಿಮೆ ಚಂದ್ರನಿಗೆ ಎಫ್/11ರಲ್ಲಿ (ಎಫ್ ಸಂಖ್ಯೆ ಅಂದರೆ ಫೋಕಲ್ ಲೆಂಗ್ತನ್ನು ಲೆನ್ಸ್ ಅಥವಾ ಕನ್ನಡಿಯ ಅಗಲದಿಂದ ಭಾಗಿಸಿದ್ದು) ಐಎಸ್‌ಒ ಎಷ್ಟೋ ಶಟರ್ ಕೂಡ ಸೆಕೆಂಡಿನ ಅಷ್ಟರಲ್ಲಿ ಒಂದು ಭಾಗ. ಐಎಸ್‌ಒ 100 ಆದರೆ 1/100. ಅರ್ಧ ಚಂದ್ರ ಹುಣ್ಣಿಮೆಯ ಅರ್ಧದಷ್ಟು ಬೆಳಕು ಕೊಡುತ್ತಾನೆ ಎಂದುಕೊಳ್ಳಬೇಡಿ. ಸುಮಾರು ಹತ್ತರಲ್ಲಿ ಒಂದು ಭಾಗ ಮಾತ್ರ. ಬೆಳಕು ಓರೆಯಾಗಿ ಬೀಳುವುದು, ನೆರಳುಗಳು ಸೇರುವುದು ಇದಕ್ಕೆ ಕಾರಣ. ಎಫ್/8 ಡಾಬ್ಸೋನಿಯನ್‌ನಲ್ಲಿ ಐಎಸ್‌ಒ 200 ಇಟ್ಟರೆ ಹುಣ್ಣಿಮೆಗೆ 1/400, ಅಷ್ಟಮಿಗೆ 1/100ರಿಂದ ಶುರು ಮಾಡಬಹುದು. ಅಲ್ಲಿಂದ ಹಿಂದೆ ಮುಂದೆ ಒಂದೆರಡು ಹೆಜ್ಜೆ ಹೋಗಿ. ಫೈಲ್ ರಾ (ಕ್ಯಾಮೆರಾ ತಿದ್ದದ ಮೂಲ ಫೈಲ್) ಆಗಿರಲಿ. ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ಫೋಕಸ್ ನೋಡಿ.

ಕನ್ನಡಿಯ ಟೆಲಿಸ್ಕೋಪ್ ಇರುವ ಕೆಲವರಿಗೆ ಕ್ಯಾಮೆರಾ ಹಾಕಿದಾಗ ಫೋಕಸ್ ಸಿಗುವುದೇ ಇಲ್ಲ. ಫೋಕಸರ್ ಪೂರ್ತಿ ಒಳಗೆ ಹೋದರೂ ಮಬ್ಬೇ. ಟೆಲಿಸ್ಕೋಪ್ ಕೆಟ್ಟಿಲ್ಲ. ಚಿತ್ರ ಮೂಡುವ ಜಾಗ ಕ್ಯಾಮೆರಾದ ಸೆನ್ಸರ್‌ವರೆಗೆ ತಲುಪುತ್ತಿಲ್ಲ. ನಡುವೆ ಫೋಕಲ್ ಲೆಂಗ್ತನ್ನು ಎರಡು ಪಟ್ಟು ಮಾಡುವ ಬಾರ್ಲೋ ಲೆನ್ಸ್ ಹಾಕಿದರೆ ಹೆಚ್ಚಾಗಿ ಸರಿಹೋಗುತ್ತದೆ. ಎಫ್ ಸಂಖ್ಯೆಯೂ ಎರಡು ಪಟ್ಟಾಗುವುದರಿಂದ ಶಟರ್ ನಾಲ್ಕು ಪಟ್ಟು ನಿಧಾನ ಮಾಡಬೇಕು.

ಒಂದು ಫೋಟೊಗಿಂತ ಒಂದು ನಿಮಿಷದ ವಿಡಿಯೊ

ಕುಳಿಗಳ ಹತ್ತಿರದ ಚಿತ್ರ ಬೇಕಾದವರು ಇದನ್ನು ಕಲಿಯಲೇಬೇಕು. ಗಾಳಿ ಒಂದೇ ಸಮನೆ ಅಲುಗುವುದಿಲ್ಲ. ನಡುನಡುವೆ ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣ ಯಾವಾಗ ಬರುತ್ತದೆ ಎಂದು ನಮಗೆ ಗೊತ್ತಾಗುವುದಿಲ್ಲ. ವಿಡಿಯೊ ತೆಗೆದರೆ ಅದು ಒಳಗೆ ಸಿಕ್ಕಿಬೀಳುತ್ತದೆ. ಸೆಕೆಂಡಿಗೆ 60 ಫ್ರೇಮ್ ಇಟ್ಟು ಒಂದು ನಿಮಿಷ ತೆಗೆದರೆ 3600 ಚಿತ್ರ. ಅವುಗಳಲ್ಲಿ ಚೂಪಾದವನ್ನು ಮಾತ್ರ ಆರಿಸಿ ಒಂದರ ಮೇಲೊಂದು ಜೋಡಿಸಿದರೆ ಚಿತ್ರದ ಮೇಲಿನ ಕಾಳುಕಾಳು ಚುಕ್ಕೆಗಳು ಅಳಿದು ವಿವರ ಉಳಿಯುತ್ತದೆ.

ಈ ಕೆಲಸಕ್ಕೆ ಆಟೊಸ್ಟ್ಯಾಕರ್ಟ್ (AutoStakkert) ಎಂಬ ಉಚಿತ ತಂತ್ರಾಂಶ ಇದೆ, ವಿಂಡೋಸ್ ಕಂಪ್ಯೂಟರ್‌ಗೆ. ಮೊಬೈಲ್ ವಿಡಿಯೊ ನೇರ ತೆರೆಯದಿದ್ದರೆ ಮೊದಲು ಪಿಪ್ (PIPP) ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಎವಿಐ ಬಗೆಯ ವಿಡಿಯೊ ಫೈಲ್ ಮಾಡಿಕೊಳ್ಳಿ. ಆಟೊಸ್ಟ್ಯಾಕರ್ಟ್‌ನಲ್ಲಿ ವಿಡಿಯೊ ತೆರೆದು, ಕುಳಿಗಳ ಹತ್ತಿರದ ಚಿತ್ರವಾದರೆ ಸರ್ಫೇಸ್ ಆರಿಸಿ, ಅನಲೈಸ್ ಒತ್ತಿ. ಅದು ಫ್ರೇಮ್‌ಗಳನ್ನು ಗುಣದ ಪ್ರಕಾರ ಸಾಲು ಮಾಡುತ್ತದೆ. ಚಿತ್ರದ ಮೇಲೆ ಜೋಡಣೆಯ ಬಿಂದುಗಳನ್ನು ಹರಡಿಸಿ. ಉತ್ತಮವಾದ ಶೇಕಡಾ 10ರಿಂದ 20 ಸಾಕು ಎಂದು ಹೇಳಿ ಸ್ಟ್ಯಾಕ್ ಕೊಡಿ. ಬಂದ ಚಿತ್ರ ಮೊದಲು ಮೆದುವಾಗಿ, ಸಪ್ಪೆಯಾಗಿ ಕಾಣುತ್ತದೆ. ಗಾಬರಿ ಬೇಡ. ಅದನ್ನು ರೆಜಿಸ್ಟ್ಯಾಕ್ಸ್ (RegiStax) ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಚಿತ್ರವನ್ನು ಚೂಪು ಮಾಡುವ ವೇವ್‌ಲೆಟ್ ಪಟ್ಟಿಗಳನ್ನು ಮೆಲ್ಲಗೆ ಎಳೆಯಿರಿ. ಮಬ್ಬಿನೊಳಗಿಂದ ಕುಳಿಗಳು ಎದ್ದು ಬರುವುದನ್ನು ನೋಡುವುದೇ ಒಂದು ಸಂತೋಷ.

ಇಲ್ಲಿ ಕೈ ಬಿಗಿ ಹಿಡಿಯಬೇಕು. ಜಾಸ್ತಿ ಚೂಪು ಮಾಡಿದರೆ ಚಂದ್ರನ ಅಂಚಿನಲ್ಲಿ ಬಿಳಿ ಗೆರೆ, ಕುಳಿಗಳ ಸುತ್ತ ಕಪ್ಪು ಉಂಗುರ ಬರುತ್ತದೆ. ಅವು ಕಂಡ ಕೂಡಲೆ ಹಿಂದಕ್ಕೆ ಬನ್ನಿ. ನೆರಳನ್ನು ಪೂರ್ತಿ ಕಪ್ಪಾಗಲು ಬಿಡಿ. ಚಂದ್ರನಲ್ಲಿ ಗಾಳಿ ಇಲ್ಲದ ಕಾರಣ ನೆರಳು ಅಲ್ಲಿ ನಿಜವಾಗಿ ಅಷ್ಟು ಕಪ್ಪು.

ತೆಗೆದ ದಿನವೇ ಫೈಲಿನ ಹೆಸರಿನಲ್ಲಿ ತಾರೀಖು, ಗಂಟೆ, ತಿಥಿ ಬರೆದಿಡಿ. ಮುಂದಿನ ತಿಂಗಳು ಅದೇ ತಿಥಿಗೆ ಅದೇ ಕುಳಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ತಿಥಿಯೊಳಗೆ ಕೆಲವು ಗಂಟೆ ಆಚೀಚೆ ಆದರೂ ನೆರಳು ಬೇರೆ. ಗ್ರಹಣದ ಆಸೆ ಇರುವವರು 2028ರ ಡಿಸೆಂಬರ್ 31ರ ರಾತ್ರಿಯನ್ನು ಈಗಲೇ ಗುರುತು ಹಾಕಿಕೊಳ್ಳಿ. ಅಂದು ರಾತ್ರಿ ಸುಮಾರು ಒಂಬತ್ತೂ ಮುಕ್ಕಾಲರಿಂದ ಹನ್ನೊಂದು ಗಂಟೆಯವರೆಗೆ ಪೂರ್ಣ ಚಂದ್ರಗ್ರಹಣ ನಮ್ಮಲ್ಲಿ ಚೆನ್ನಾಗಿ ಕಾಣುತ್ತದೆ. ಮಳೆಗಾಲವೂ ಅಲ್ಲ, ಚಂದ್ರನೂ ಎತ್ತರದಲ್ಲಿ. ಪೂರ್ಣ ಗ್ರಹಣದ ಹೊತ್ತಿನಲ್ಲಿ ಚಂದ್ರ ಬಹಳ ಮಂಕಾಗುವುದರಿಂದ ಎಕ್ಸ್‌ಪೋಶರ್ ಸೆಕೆಂಡ್‌ಗಳಿಗೆ ಏರುತ್ತದೆ.

ಇಬ್ಬನಿ, ಉಪ್ಪು, ಬೂಷ್ಟು

ನಮ್ಮ ಜಿಲ್ಲೆಯಲ್ಲಿ ಟೆಲಿಸ್ಕೋಪ್‌ನ ದೊಡ್ಡ ಶತ್ರು ತೇವ. ಚಳಿಗಾಲದ ರಾತ್ರಿ ಒಂಬತ್ತಾಗುವಷ್ಟರಲ್ಲಿ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ, ಶಿರಸಿಯಲ್ಲಂತೂ ಇನ್ನೂ ಬೇಗ. ಕಪ್ಪು ಚಾರ್ಟ್ ಪೇಪರ್ ಅಥವಾ ಹಳೆಯ ಫೋಮ್ ಚಾಪೆ ಕತ್ತರಿಸಿ ಟ್ಯೂಬಿನ ಮೂತಿಗೆ ಸುತ್ತಿ. ಅದು ಲೆನ್ಸಿನ ಅಗಲದ ಒಂದೂವರೆ ಎರಡು ಪಟ್ಟು ಮುಂದೆ ಚಾಚಿರಲಿ. ಇಬ್ಬನಿ ಕೂತರೆ ಒರೆಸಬೇಡಿ. ಪಂಚೆಯ ತುದಿ, ಕರವಸ್ತ್ರ ಯಾವುದೂ ಬೇಡ. ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ ದೂರದಿಂದ ಹಿಡಿಯಿರಿ. ಧೂಳು ಕೂತರೆ ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ.

ಒಳಗೆ ತಂದ ಕೂಡಲೆ ಮುಚ್ಚಳ ಹಾಕಬೇಡಿ. ಒದ್ದೆ ಒಳಗೇ ಉಳಿದರೆ ಬೂಷ್ಟು ಹಿಡಿಯುತ್ತದೆ. ಲೆನ್ಸಿನ ಮೇಲೆ ಜೇಡನ ಬಲೆಯ ಹಾಗೆ ಹಬ್ಬಿದ ಬೂಷ್ಟನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟ. ಟ್ಯೂಬ್ ಮತ್ತು ಐಪೀಸ್ ಪೂರ್ತಿ ಒಣಗಲಿ, ಆಮೇಲೆ ಮುಚ್ಚಿ. ಐಪೀಸ್‌ಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಯಿಸುವ ಬಗೆಯ ಜೆಲ್ ಕೊಂಡರೆ ಅದು ತೇವ ಹೀರಿ ತುಂಬಿದ್ದು ಕಣ್ಣಿಗೇ ಗೊತ್ತಾಗುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ತಣಿಸಿ ಮತ್ತೆ ಹಾಕಬಹುದು. ಆ ಬಾಣಲೆ ಅಡುಗೆಗೆ ಬಳಸಬೇಡಿ. ಕಡಲ ಹತ್ತಿರ ಹೂಡಿದ್ದರೆ ಟ್ರೈಪಾಡಿನ ತಿರುಪು, ಕೀಲುಗಳನ್ನು ಮನೆಗೆ ಬಂದು ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಮಳೆಗಾಲದ ನಾಲ್ಕು ತಿಂಗಳು ಟೆಲಿಸ್ಕೋಪ್ ಅಟ್ಟದ ಮೇಲೆ ಹಾಕಿ ಮರೆಯಬೇಡಿ. ಬಿಸಿಲು ಬಿದ್ದ ದಿನ ಹೊರಗೆ ತೆಗೆದು, ನೆರಳಿನಲ್ಲಿ, ಮುಚ್ಚಳ ತೆರೆದು ಒಂದೆರಡು ಗಂಟೆ ಗಾಳಿಯಾಡಲು ಬಿಡಿ.